ಮುಂದಿನ ಚಕ್ರದ ಆಟ: ಬೇರಿಂಗ್ ಬದಲಿಸುವ ಮುಂಚೆ

ಮಂಡ್ಯದಲ್ಲಿ ಕಬ್ಬು ಸಾಗಿಸೋ ಪಿಕಪ್‌ನ ಮುಂದಿನ ಚಕ್ರ ಸಡಿಲವಾಗಿ ಆಡ್ತಿದೆ, ಬೇರಿಂಗ್ ಬದಲಿಸಲೇಬೇಕಾ ಅಂತ ಕೇಳಿದ್ದೀರಿ. ಆತುರ ಬೇಡ. ಜಾಕ್ ಕೊಟ್ಟು, ಸ್ಟ್ಯಾಂಡ್ ಇಟ್ಟು, ಚಕ್ರವನ್ನು ಮೇಲೆ-ಕೆಳಗೆ ಹಿಡಿದು ಅಲ್ಲಾಡಿಸಿ; ಇನ್ನೊಬ್ಬರು ಬ್ರೇಕ್ ತುಳಿಯಲಿ. ಆಟ ನಿಂತರೆ ಬೇರಿಂಗ್, ನಿಲ್ಲದಿದ್ದರೆ ಬಾಲ್ ಜಾಯಿಂಟ್ (ಚಕ್ರವನ್ನು ಸಸ್ಪೆನ್ಷನ್‌ಗೆ ಜೋಡಿಸೋ ಗುಂಡು ಕೀಲು) ನೋಡಿ. ತಿರುಗಿಸಿದಾಗ ಕರಕರ ಅಂದರೆ ಅಡ್ಜಸ್ಟ್ ಮಾಡಿ ಪ್ರಯೋಜನವಿಲ್ಲ. ಸೀಲ್ಡ್ ಹಬ್ (ಬೇರಿಂಗ್ ಒಳಗೇ ಮುಚ್ಚಿ ಬರುವ ಚಕ್ರದ ನಡುಭಾಗ) ಆದರೂ ಬದಲಿಸೋದೇ.

ಟೇಪರ್ ರೋಲರ್ (ನಟ್‌ನಿಂದ ಬಿಗಿ ಹೊಂದಿಸೋ, ಓರೆ ಉರುಳೆಗಳ ಬೇರಿಂಗ್) ಆಗಿದ್ದರೆ, ನಟ್ ಕಳಚದಂತೆ ತಡೆಯೋ ಹಳೇ ಕಾಟರ್ ಪಿನ್ ತೆಗೆದು, ಚಕ್ರ ತಿರುಗಿಸುತ್ತಲೇ ನಟ್ ಬಿಗಿ ಮಾಡಿ, ರೋಲರ್ ಕೂರಲಿ. ಆಮೇಲೆ ಸಡಿಲಿಸಿ, ಬೆರಳಲ್ಲಿ ಬರುವಷ್ಟೇ ಬಿಗಿ ಸಾಕು. (ನಿಮ್ಮ ಮಾಡೆಲ್ ಮ್ಯಾನುಯಲ್‌ನಲ್ಲಿ ಅಳತೆ ಇದ್ದರೆ ಅದೇ ಅಂತಿಮ.) ಸ್ಪ್ಯಾನರ್‌ಗೆ ಪೈಪ್ ಹಾಕಿ ಎಳೆಯೋ ಶೂರರಿದ್ದಾರೆ, ಅವರ ಕೈಗೆ ಕೊಡಬೇಡಿ, ಬಿಸಿಯಾಗಿ ಬೇರಿಂಗ್ ಸುಟ್ಟೇ ಹೋಗುತ್ತೆ. ಹೊಸ ಪಿನ್ನನ್ನೇ ಹಾಕಿ. ಖಾಲಿ ಗಾಡಿ ಮದ್ದೂರು ತನಕ ಓಡಿಸಿ ಹಬ್ ಮುಟ್ಟಿ ನೋಡಿ, ಕೈ ಇಡಲಾಗದಿದ್ದರೆ ಬಿಗಿ ಜಾಸ್ತಿಯಾಗಿದೆ, ಇಲ್ಲವೇ ಬ್ರೇಕ್ ಹಿಡಿದುಕೊಂಡಿದೆ.