ಕೈತೋಟ: ಮಾಗಿ ಚಳಿಗೆ ಏನು ಹಾಕೋಣ?

ಚಳಿಗಾಲದ ತರಕಾರಿ ಬಗ್ಗೆ ಈ ಸಲ ತುಂಬಾ ಪ್ರಶ್ನೆ ಬಂದಿವೆ. ಹೆಚ್ಚು ಜನ ಕೇಳಿರುವಂಥದ್ದನ್ನು ಆರಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ಹೋದ ವರ್ಷ ಡಿಸೆಂಬರ್‌ನಲ್ಲಿ ಚಳಿ ಶುರುವಾದ ಮೇಲೆ ತಾರಸಿಯಲ್ಲಿ ಹೂಕೋಸಿನ ಬೀಜ ಹಾಕಿದೆ. ಎಲೆ ಸೊಂಪಾಗಿ ಬಂತು, ಹೂ ಮಾತ್ರ ನಿಂಬೆಹಣ್ಣಿನ ಗಾತ್ರ ದಾಟಲಿಲ್ಲ. ಗೊಬ್ಬರ ಕಡಿಮೆ ಆಯ್ತಾ? – ಬಸವನಗುಡಿ, ಬೆಂಗಳೂರು

ಉತ್ತರ: ಗೊಬ್ಬರದ ತೊಂದರೆ ಅಲ್ಲ, ಬೀಜ ಹಾಕಿದ್ದು ತಡವಾಯಿತು. ಚಳಿ ಬರುವಷ್ಟರಲ್ಲಿ ಗಿಡ ಬೆಳೆದು ನಿಂತಿರಬೇಕು. ಬೆಂಗಳೂರಿನಲ್ಲಿ ಚಳಿ ಅಂತ ಇರೋದೇ ಡಿಸೆಂಬರ್, ಜನವರಿ. ಆಗಲೂ ಬೆಳಗಿನ ಜಾವ 15-16 ಡಿಗ್ರಿ ಇದ್ದರೆ ಮಧ್ಯಾಹ್ನ 27-28. ಫೆಬ್ರವರಿ ಕೊನೆಗೆ 30 ದಾಟುತ್ತದೆ. ನಿಮ್ಮ ಗಿಡ ಹೂ ಕಟ್ಟುವ ಹೊತ್ತಿಗೆ ಸರಿಯಾಗಿ ಆ ಬಿಸಿಲು ಬಂದಿರುತ್ತದೆ. ಸೆಕೆ ಜಾಸ್ತಿಯಾದರೆ ಹೂಕೋಸು ಎಲೆ ಬಿಡುತ್ತಲೇ ಹೋಗುತ್ತದೆ, ಹೂ ಕಟ್ಟುವುದಿಲ್ಲ. ಹಾಗಾಗಿ ಆಗಸ್ಟ್ ಕೊನೆಯಿಂದ ಅಕ್ಟೋಬರ್ ಮೊದಲ ವಾರದೊಳಗೆ ಬೀಜ ಹಾಕಿಬಿಡಿ. ಆಗ ಮಳೆ ಇನ್ನೂ ಜೋರಾಗಿರುತ್ತದೆ, ಸಸಿ ಬೆಳೆಸುವ ಒಟ್ಲು ಟ್ರೇ ಬಯಲಲ್ಲಿಟ್ಟರೆ ಸಸಿಯ ಬುಡ ಕೊಳೆತು ಮಲಗುತ್ತದೆ, ಸೂರಿನ ಕೆಳಗೆ ಬೆಳಕು ಬೀಳುವ ಕಡೆ ಇಡಿ.

ತಳಿಯೂ ಮುಖ್ಯ. ಸ್ನೋಬಾಲ್ ಜಾತಿಯವು ಉತ್ತರ ಭಾರತದ ಕೊರೆಯುವ ಚಳಿಗೆ ಹೊಂದಿದವು, ನಮ್ಮ ಚಳಿ ಅವಕ್ಕೆ ಸಾಲದು. ಅಂಗಡಿಯಲ್ಲಿ ಬೇಗ ಬರುವ, ಬಿಸಿಲು ತಡೆಯುವ ತಳಿ ಅಂತಲೇ ಕೇಳಿ. ಸಸಿಯನ್ನು ಟ್ರೇಯಲ್ಲೇ ವಯಸ್ಸಾಗಲು ಬಿಡಬೇಡಿ, 25-30 ದಿನಕ್ಕೆ ಕುಂಡಕ್ಕೆ ನಾಟಿ ಮಾಡಿ. ಬಲಿತ ಸಸಿ ನೆಟ್ಟರೆ ಗುಂಡಿಯಷ್ಟು ಹೂ ಬಿಟ್ಟು ನಿಲ್ಲುತ್ತದೆ. ಹೂ ಮೊಟ್ಟೆ ಗಾತ್ರಕ್ಕೆ ಬಂದಾಗ ಸುತ್ತಲಿನ ಎಲೆಗಳನ್ನು ಮೇಲೆ ಮಡಚಿ ಸಡಿಲವಾಗಿ ದಾರ ಕಟ್ಟಿ, ಬಿಸಿಲು ತಾಗದೆ ಬೆಳ್ಳಗೆ ಉಳಿಯುತ್ತದೆ.

ನನ್ನ ಸಲಹೆ ಕೇಳಿದರೆ, ಮೊದಲ ಸಲ ಹಾಕುವವರು ಹೂಕೋಸಿಗಿಂತ ನವಿಲುಕೋಸು ಹಾಕಿ. ನಮ್ಮ ಹವೆಗೆ ಇದರಷ್ಟು ಒಗ್ಗುವ ಕೋಸು ಬೇರೆ ಇಲ್ಲ. ಹತ್ತು ಇಂಚಿನ ಕುಂಡಕ್ಕೆ ಒಂದು ಗಿಡ, ನಾಟಿಯಾಗಿ 50-60 ದಿನಕ್ಕೆ ಗಡ್ಡೆ ಕೈಗೆ ಬರುತ್ತದೆ. ಗಡ್ಡೆ ಮಣ್ಣಿನ ಮೇಲೆ ಕೂರುವಂಥದ್ದು, ಅದರ ಮೇಲೆ ಮಣ್ಣು ಏರಿಸಬೇಡಿ. ಟೆನ್ನಿಸ್ ಚೆಂಡಿನಷ್ಟಾದಾಗಲೇ ಕೊಯ್ಯಿರಿ, ಇನ್ನೂ ದಪ್ಪ ಆಗಲಿ ಅಂತ ಕಾದರೆ ನಾರಾಗುತ್ತದೆ. ಎಳೆ ಎಲೆಗಳನ್ನು ಎಸೆಯಬೇಡಿ, ಹುಳಿಗೆ ಹಾಕಿ.

ಪ್ರಶ್ನೆ: ಕ್ಯಾರೆಟ್ ಎರಡು ಮೂರು ಕಾಲು ಬಿಟ್ಟು ಸೊಟ್ಟಗೆ ಬರುತ್ತಿದೆ. – ಮೈಸೂರು

ಉತ್ತರ: ಸಸಿ ಮಾಡಿ ಕಿತ್ತು ನೆಟ್ಟಿದ್ದೀರಾ? ಹಾಗಿದ್ದರೆ ಅದೇ ಕಾರಣ. ಕ್ಯಾರೆಟ್ಟಿನ ಬೇರಿನ ತುದಿ ಮುರಿದರೆ ಕವಲೊಡೆಯುತ್ತದೆ. ಮೂಲಂಗಿ, ಬೀಟ್‌ರೂಟ್ ಹಾಗೆಯೇ ಬೆಳೆಯುವ ಜಾಗದಲ್ಲೇ ಬಿತ್ತಿ. ಮಣ್ಣಿನಲ್ಲಿ ಕಲ್ಲು, ಹೆಂಟೆ ಇದ್ದರೂ ಸೊಟ್ಟಗಾಗುತ್ತದೆ, ಅರೆಬರೆ ಕೊಳೆತ ಹಸಿ ಗೊಬ್ಬರ ಹಾಕಿದರೂ ಅದೇ ಪಾಡು. ಒಂದಡಿ ಆಳದ ಗ್ರೋ ಬ್ಯಾಗಿಗೆ ಜರಡಿ ಹಿಡಿದ ಮಣ್ಣು, ಮರಳು, ಚೆನ್ನಾಗಿ ಕಳಿತ ಗೊಬ್ಬರ ತುಂಬಿ. ಬೀಜ ತೀರಾ ಸಣ್ಣದು, ಒಣ ಮರಳಿನ ಜೊತೆ ಬೆರೆಸಿ ಚೆಲ್ಲಿ. ಮೊಳಕೆಗೆ ಹತ್ತು ದಿನವೋ ಇನ್ನೂ ಜಾಸ್ತಿಯೋ ಬೇಕು, ಅಷ್ಟೂ ದಿನ ಮೇಲ್ಮಣ್ಣು ಒಣಗಬಾರದು. ಒದ್ದೆ ಗೋಣಿಚೀಲ ಮುಚ್ಚಿಡಿ, ದಿನಾ ಎತ್ತಿ ನೋಡಿ, ಮೊಳಕೆ ಕಂಡ ಕೂಡಲೇ ತೆಗೆಯಿರಿ. ಆಮೇಲೆ ಎರಡು ಇಂಚಿಗೊಂದು ಗಿಡ ಉಳಿಸಿ ಮಿಕ್ಕಿದ್ದು ಕಿತ್ತುಬಿಡಿ. ಕೀಳೋಕೆ ಮನಸ್ಸು ಬರಲ್ಲ, ಗೊತ್ತು. ಕೀಳದಿದ್ದರೆ ಒಂದಕ್ಕೂ ಜಾಗ ಸಾಲುವುದಿಲ್ಲ.

ಪ್ರಶ್ನೆ: ಎಲೆಕೋಸಿನ ಎಲೆಯೆಲ್ಲ ತೂತು. ಹುಳ ಕಾಣಿಸುತ್ತಿಲ್ಲ. ಮನೆಯಲ್ಲಿ ಮಗು ಇದೆ, ವಿಷ ಹೊಡೆಯಲು ಇಷ್ಟವಿಲ್ಲ. – ಹಾಸನ

ಉತ್ತರ: ಎಲೆ ಮಗುಚಿ ನೋಡಿ. ಅಡಿಯಲ್ಲಿ ಅಕ್ಕಿಕಾಳಿಗಿಂತ ಸ್ವಲ್ಪ ಉದ್ದದ ತಿಳಿಹಸಿರು ಹುಳ ಇರುತ್ತದೆ. ಕಡ್ಡಿಯಿಂದ ಮುಟ್ಟಿದರೆ ಒದ್ದಾಡಿಕೊಂಡು ಹಿಂದೆ ಸರಿದು ಸಣ್ಣ ನೂಲು ಬಿಟ್ಟು ನೇತಾಡುತ್ತದೆ. ಹಾಗೆ ಮಾಡಿದರೆ ಅದು ವಜ್ರಬೆನ್ನಿನ ಪತಂಗದ ಮರಿ, ಕೋಸಿನ ದೊಡ್ಡ ಶತ್ರು. ಇದಕ್ಕೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ರೈತರಿಗೆ ಹೇಳಿಕೊಟ್ಟ ಉಪಾಯ ಚೆನ್ನಾಗಿದೆ: ಕೋಸಿನ ಸಾಲುಗಳ ನಡುವೆ ಸಾಸಿವೆ ಬಿತ್ತುವುದು. ಪತಂಗಕ್ಕೆ ಕೋಸಿಗಿಂತ ಸಾಸಿವೆ ಇಷ್ಟ, ಮೊಟ್ಟೆ ಅಲ್ಲೇ ಇಡುತ್ತದೆ. ನೀವು ಅಡುಗೆಮನೆಯ ಸಾಸಿವೆಯನ್ನೇ ಎರಡು ಕುಂಡಕ್ಕೆ ಹಾಕಿ, ಕೋಸು ನಾಟಿ ಮಾಡುವ 15 ದಿನ ಮೊದಲು ಒಂದು, ನಾಟಿಯಾದ 25 ದಿನಕ್ಕೆ ಇನ್ನೊಂದು. ಬೇವಿನೆಣ್ಣೆ ಲೀಟರ್ ನೀರಿಗೆ 5 ಮಿಲಿ, ನಾಲ್ಕು ಹನಿ ಸೋಪಿನ ನೀರು ಬೆರೆಸಿ ಸಂಜೆ ಹೊತ್ತು ಎಲೆಯ ಅಡಿಗೆ ಸಿಂಪಡಿಸಿ. ಸಾಸಿವೆ ಗಿಡಕ್ಕೂ ಹೊಡೆಯಿರಿ, ಇಲ್ಲದಿದ್ದರೆ ಅಲ್ಲೇ ಹುಳ ಹೆಚ್ಚುತ್ತದೆ. ಬರೀ ನಾಲ್ಕೈದು ಗಿಡ ಇದ್ದರೆ ಇದ್ಯಾವುದೂ ಬೇಡ, ನಾಟಿ ಮಾಡಿದ ದಿನವೇ ಹಳೇ ಸೊಳ್ಳೆಪರದೆ ಮುಚ್ಚಿಬಿಡಿ, ಪತಂಗ ಒಳಗೆ ಬಂದರೆ ತಾನೇ ಮೊಟ್ಟೆ?

ಪ್ರಶ್ನೆ: ಕೊತ್ತಂಬರಿ ಬೀಜ ಹುಟ್ಟುವುದೇ ಇಲ್ಲ. – ತುಮಕೂರು

ಉತ್ತರ: ಇಡೀ ಕಾಳು ಹಾಕಬೇಡಿ, ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ, ರಾತ್ರಿ ನೆನೆಸಿ ಬಿತ್ತಿ. 15 ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪ ಹಾಕುತ್ತಿರಿ. ಬಿಸಿಲೇರಿದಾಗ ಬೇಗ ಹೂವಿಗೆ ಬರುತ್ತದೆ.

ಪ್ರಶ್ನೆ: ಮಂಗಳೂರಿನಲ್ಲಿ ಬಟಾಣಿ, ಹೂಕೋಸು ಬೆಳೆಯಬಹುದಾ?

ಉತ್ತರ: ಬೇಡ. ನಿಮ್ಮಲ್ಲಿ ಜನವರಿಯಲ್ಲೂ ಹಗಲು 32-33 ಡಿಗ್ರಿ ಇರುತ್ತದೆ, ರಾತ್ರಿಯೂ 20ರ ಮೇಲೆಯೇ. ಆ ಸೆಕೆಗೆ ಬಟಾಣಿ ಹೂ ಉದುರಿಸುತ್ತದೆ, ಹಣವೂ ಶ್ರಮವೂ ದಂಡ. ಮಳೆ ನಿಂತ ಮೇಲಿನ ಈ ಕಾಲ ನಿಮ್ಮಲ್ಲಿ ಹರಿವೆ, ಅಲಸಂಡೆ, ಬೆಂಡೆ, ಮುಳ್ಳುಸೌತೆಗೆ ಬಹಳ ಒಳ್ಳೆಯದು. ಚಳಿಗಾಲದ್ದೇ ಒಂದು ಬೇಕು ಅಂದರೆ ಮೂಲಂಗಿ ಹಾಕಿ, ನವೆಂಬರ್ ಕೊನೆಗೆ ಬಿತ್ತಿದರೆ ಜನವರಿ ಮೊದಲ ವಾರಕ್ಕೆ ಕೀಳಬಹುದು.