ಪಾರ್ಶ್ವವಾಯು ಆದವರಿಗೆ ನೀರು ಕುಡಿದರೆ ಕೆಮ್ಮು ಯಾಕೆ?

ಗಂಜಿ ಸಲೀಸಾಗಿ ಇಳಿಯುತ್ತದೆ, ನೀರು ಕುಡಿದರೆ ಮಾತ್ರ ಅಪ್ಪನಿಗೆ ಕೆಮ್ಮು ಬರುತ್ತದೆ, ಯಾಕೆ ಎಂದು ಕೇಳಿದ್ದೀರಿ.

ಗಂಟಲಲ್ಲಿ ಉಸಿರಿಗೂ ಊಟಕ್ಕೂ ದಾರಿ ಒಂದೇ. ನುಂಗುವಾಗ ಧ್ವನಿಪೆಟ್ಟಿಗೆ ಮೇಲೇರುತ್ತದೆ (ಗಂಟಲ ಮೇಲೆ ಬೆರಳಿಟ್ಟು ನೋಡಿ, ಗೊತ್ತಾಗುತ್ತದೆ), ಮುಚ್ಚಳದಂಥ ಒಂದು ಪದರ ಅದರ ಮೇಲೆ ಬಾಗುತ್ತದೆ, ಧ್ವನಿತಂತುಗಳು ಕೂಡಿಕೊಳ್ಳುತ್ತವೆ. ಉಸಿರು ಹೆಚ್ಚುಕಮ್ಮಿ ಒಂದು ಸೆಕೆಂಡ್ ನಿಲ್ಲುತ್ತದೆ. ನುಂಗಿದ ಮೇಲೆ ಸಾಮಾನ್ಯವಾಗಿ ನಾವು ಉಸಿರು ಹೊರಗೆ ಬಿಡುತ್ತೇವೆ. ಅಲ್ಲೇನಾದರೂ ಉಳಿದಿದ್ದರೆ ಒಳಗೆ ಎಳೆದುಕೊಳ್ಳದಿರಲಿ ಅಂತ.

ಪಾರ್ಶ್ವವಾಯು ಆದಾಗ ಈ ತಾಳ ತಪ್ಪುತ್ತದೆ. ನೀರು ಬೇಗ ಹರಿಯುತ್ತದೆ, ಶ್ವಾಸನಾಳದ ಬಾಗಿಲು ಮುಚ್ಚುವಷ್ಟರಲ್ಲಿ ಒಳಗೆ ನುಗ್ಗಿಬಿಡುತ್ತದೆ. ಗಂಜಿ ನಿಧಾನ.

ಕೆಮ್ಮು ಬಂದರೆ ಒಂದು ಲೆಕ್ಕಕ್ಕೆ ಒಳ್ಳೆಯದೇ. ಕೆಲವರಿಗೆ ನೀರು ಒಳಗೆ ಹೋದರೂ ಕೆಮ್ಮೇ ಬರುವುದಿಲ್ಲ, ಅದು ಜಾಸ್ತಿ ಅಪಾಯ. ಬಾಯಿಯ ಬ್ಯಾಕ್ಟೀರಿಯಾ ಎಂಜಲಿನ ಜೊತೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಹಾಗಾಗಿ ಹಲ್ಲು, ನಾಲಿಗೆ ಶುಚಿಯಾಗಿರಬೇಕು. ಇದನ್ನು ಎಷ್ಟೋ ಜನ ಮರೆಯುತ್ತಾರೆ.

ನೆಟ್ಟಗೆ ಕೂರಿಸಿ, ಸಣ್ಣ ಗುಟುಕು ಕೊಡಿ. ಊಟವಾದ ಮೇಲೆ ಅರ್ಧ ಗಂಟೆ ಮಲಗಿಸಬೇಡಿ. ನೀರನ್ನು ಗಟ್ಟಿ ಮಾಡಿ ಕೊಡುವುದು ಬೇಕೋ ಬೇಡವೋ ಎಂಬುದನ್ನು ಸ್ಪೀಚ್ ಥೆರಪಿಸ್ಟ್ (ಮಾತು, ನುಂಗುವಿಕೆಯ ತಜ್ಞರು) ಪರೀಕ್ಷಿಸಿಯೇ ಹೇಳಬೇಕು. ಜ್ವರ, ಏದುಸಿರು ಕಂಡರೆ ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.