ಪ್ರಾಸ್ಟೇಟ್ ಸಿಸ್ಟಡಿನೋಮಾ ಎಂದು ಖಚಿತವಾಗುವುದು ಹೇಗೆ?

ಸ್ಕ್ಯಾನ್‌ನಲ್ಲಿ ಪ್ರಾಸ್ಟೇಟ್ (ಗಂಡಸರ ಮೂತ್ರಕೋಶದ ಕೆಳಗಿರುವ ಗ್ರಂಥಿ) ಹತ್ತಿರ ದೊಡ್ಡ ನೀರುಗಡ್ಡೆ ಕಂಡರೆ ಅದು ಕ್ಯಾನ್ಸರ್ರೋ ಅಲ್ಲವೋ ಎಂದು ಹೇಗೆ ಗೊತ್ತಾಗುತ್ತದೆ ಎಂದು ಕೇಳಿದ್ದೀರಿ. ಸ್ಕ್ಯಾನ್ ಒಂದರಿಂದಲೇ ಗೊತ್ತಾಗುವುದಿಲ್ಲ. ಬಯಾಪ್ಸಿ, ಅಂದರೆ ಗಡ್ಡೆಯ ತುಣುಕು ತೆಗೆದು ಪರೀಕ್ಷಿಸುವುದು, ಬೇಕು; ಕೆಲವೊಮ್ಮೆ ಪೂರ್ತಿ ಗಡ್ಡೆಯನ್ನೇ ತೆಗೆದು ನೋಡಬೇಕಾಗುತ್ತದೆ.

ಪ್ರಾಸ್ಟೇಟ್ ಸಿಸ್ಟಡಿನೋಮಾ ಅಂತಹ ನೀರುಗಡ್ಡೆಗಳಲ್ಲಿ ಒಂದು; ಬಹಳ ಅಪರೂಪದ, ಕ್ಯಾನ್ಸರ್ ಅಲ್ಲದ ಗಡ್ಡೆ. ನಿಧಾನವಾಗಿ ಬೆಳೆದು ಮೂತ್ರಕೋಶವನ್ನು, ಗುದನಾಳವನ್ನು ಒತ್ತುತ್ತದೆ. ಮೂತ್ರ ಕಟ್ಟಿಕೊಂಡಾಗಲೇ ಎಷ್ಟೋ ಜನ ಡಾಕ್ಟರ್ ಹತ್ತಿರ ಹೋಗುವುದು.

ಎಂಆರ್‌ಐ ಇಲ್ಲಿ ತುಂಬಾ ಉಪಯೋಗ. ತೆಳುವಾದ ಗೋಡೆಗಳಿಂದ ಭಾಗವಾದ, ದ್ರವ ತುಂಬಿದ ಹಲವು ಕೋಣೆಗಳು ಅದರಲ್ಲಿ ಚೆನ್ನಾಗಿ ಕಾಣುತ್ತವೆ. ಗಡ್ಡೆ ಅಕ್ಕಪಕ್ಕದ ಅಂಗಗಳನ್ನು ಬರೀ ತಳ್ಳಿದೆಯೋ, ಒಳಗೇ ನುಗ್ಗಿದೆಯೋ ಎಂಬುದೂ ತಿಳಿಯುತ್ತದೆ. ಆದರೆ ವೀರ್ಯಕೋಶದ ಗಡ್ಡೆ, ಕೆಲವು ಸಾರ್ಕೋಮಾಗಳು (ಸ್ನಾಯು, ಕೊಬ್ಬಿನಂಥ ಅಂಗಾಂಶಗಳ ಕ್ಯಾನ್ಸರ್), ಅಪರೂಪಕ್ಕೆ ಪ್ರಾಸ್ಟೇಟ್ ಕ್ಯಾನ್ಸರ್ ಕೂಡ ಹೀಗೇ ಕಾಣಬಹುದು.

ರಕ್ತದ ಪಿಎಸ್‌ಎ (ಪ್ರಾಸ್ಟೇಟ್ ಕೋಶಗಳು ತಯಾರಿಸುವ ಪ್ರೋಟೀನ್) ಜಾಸ್ತಿ ಬಂದರೆ ಗಾಬರಿಯಾಗುವುದು ಸಹಜ, ಅಲ್ವಾ? ಈ ಗಡ್ಡೆಯ ಕೋಶಗಳೇ ಪಿಎಸ್‌ಎ ತಯಾರಿಸುತ್ತವೆ. ಹಾಗಾಗಿ ಕ್ಯಾನ್ಸರ್ ಇಲ್ಲದೆಯೂ ಅದು ಏರಬಹುದು.

ಬಯಾಪ್ಸಿಯಲ್ಲಿ ಪೆಥಾಲಜಿಸ್ಟ್ (ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವ ಡಾಕ್ಟರ್) ನೋಡುವುದು ಎರಡು ವಿಷಯ. ಕೋಣೆಗಳ ಒಳಪದರ ಸಾಮಾನ್ಯ ಪ್ರಾಸ್ಟೇಟ್ ಕೋಶಗಳದ್ದೇ? ಪಿಎಸ್‌ಎ ಇರುವಲ್ಲಿ ಮಾತ್ರ ಅಂಟುವ ಬಣ್ಣವನ್ನು ಆ ಕೋಶಗಳು ಹಿಡಿಯುತ್ತವೆಯೇ? ಹಿಡಿದರೆ ಗಡ್ಡೆ ಪ್ರಾಸ್ಟೇಟ್‌ನದೇ ಎನ್ನಲು ಬಲವಾದ ಸಾಕ್ಷಿ. ಆದರೆ ಸೂಜಿಗೆ ಸಿಗುವುದು ಚಿಕ್ಕ ತುಣುಕು. ಬರೀ ದ್ರವ ಬಂದರೆ ಹೆಚ್ಚೇನೂ ತಿಳಿಯುವುದಿಲ್ಲ. ಅದಕ್ಕೇ ಎಷ್ಟೋ ಸಲ ಆಪರೇಷನ್ ಮಾಡಿ ಪೂರ್ತಿ ಗಡ್ಡೆ ಪರೀಕ್ಷಿಸಿದ ಮೇಲೆಯೇ ಖಚಿತ ಉತ್ತರ ಸಿಗುತ್ತದೆ. ಸ್ವಲ್ಪ ಭಾಗ ಉಳಿದರೆ ಮತ್ತೆ ಬೆಳೆಯಬಹುದು, ಹಾಗಾಗಿ ಆಮೇಲೂ ಸ್ಕ್ಯಾನ್ ತಪ್ಪಿಸಬೇಡಿ.